ಒಂದೇ ನಂಬರಿನ ಎರಡು ಪ್ಯಾಕೆಟ್‌ಗಳು

ನಮ್ಮ ಆಫೀಸಿನಲ್ಲಿ ಕೋಡ್ ಓದುವುದಕ್ಕೊಂದು ಪದ್ಧತಿಯಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಅದು ಮುಖ್ಯ ಪ್ರತಿಗೆ ಸೇರುವಂತಿರಲಿಲ್ಲ. ಓದುವುದೆಂದರೆ ಬದಲಾದ ಸಾಲುಗಳನ್ನು ಓದುವುದು. ತೆಗೆದ ಸಾಲು ಕೆಂಪು, ಸೇರಿಸಿದ ಸಾಲು ಹಸಿರು, ಅವುಗಳ ಮೇಲೆ ಕೆಳಗೆ ಮೂರು ಮೂರು ಸಾಲು ಬಿಳಿ. ಉಳಿದ ಸಾವಿರಾರು ಸಾಲು ತೆರೆಯ ಮೇಲೆ ಕಾಣಿಸುವುದೇ ಇಲ್ಲ. ಓದಿ, ಅಪ್ರೂವ್ ಎಂಬ ಗುಂಡಿ ಒತ್ತಿ, ಚಹಾಕ್ಕೆ ಏಳುವುದು. ಹೈದರಾಬಾದಿನ ಮಾದಾಪುರದ ಗಾಜಿನ ಕಟ್ಟಡಗಳಿಗೆ ವಾರಕ್ಕೊಂದು ಹೊಸ ಬೋರ್ಡು ಏರುತ್ತಿದ್ದ ದಿನಗಳವು. ಎಲ್ಲರಿಗೂ ಅವಸರ, ನನಗೂ. ಆದರೂ ನಾನು ಕಟ್ಟುನಿಟ್ಟಿನವಳೆಂದು ಹೆಸರು ಮಾಡಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದುತ್ತಾಳೆ ಎಂದು ತಂಡದವರು ನಗುತ್ತಿದ್ದರು. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಗುಪ್ತಲಿಪಿಯ ಭಾಗಕ್ಕೆ ಮಾತ್ರ ನಿಯಮ ಬೇರೆ. ಹೊಸ ಆವೃತ್ತಿ ಮಾರಾಟಕ್ಕೆ ಹೋಗುವ ಮುಂಚೆ, ಅದನ್ನು ಬರೆಯದ ಒಬ್ಬರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕಬೇಕು. ನಾವು ಮಾಡುತ್ತಿದ್ದದ್ದು ಒಂದು ಸಣ್ಣ ಪೆಟ್ಟಿಗೆಯ ಆಪರೇಟಿಂಗ್ ಸಿಸ್ಟಮ್. ಒಂದೇ ಸಂಸ್ಥೆಯ ಎರಡು ಕಚೇರಿಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟರೆ, ನಡುವೆ ಹೋಗುವ ಮಾತೆಲ್ಲ ಸಾರ್ವಜನಿಕ ಇಂಟರ್ನೆಟ್ಟಿನಲ್ಲೇ ಹೋದರೂ ದಾರಿಯಲ್ಲಿ ಕದ್ದು ನೋಡಿದವರಿಗೆ ಅರ್ಥವಾಗಕೂಡದು. ಸಂದೇಶ ತುಂಡುತುಂಡಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಒಂದೊಂದು ಪ್ಯಾಕೆಟ್ಟಿಗೂ ಒಂದು ಕ್ರಮಸಂಖ್ಯೆ. ಆ ಸಂಖ್ಯೆಗೆ ಎರಡು ಕೆಲಸ. ತಲುಪುವ ತುದಿಯಲ್ಲಿ ಅದು ಕಾವಲು: ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ, ಯಾರೋ ಹಳೆಯ ಪ್ಯಾಕೆಟ್ಟನ್ನು ಕದ್ದಿಟ್ಟುಕೊಂಡು ಮತ್ತೆ ಕಳಿಸಿದ್ದಾರೆಂದು ಅದನ್ನು ಎಸೆಯಬೇಕು. ಹೊರಡುವ ತುದಿಯಲ್ಲಿ ಆ ಸಂಖ್ಯೆಯನ್ನು ಗುಟ್ಟಿನ ಕೀಲಿಯ ಜೊತೆ ಬೆರೆಸಿ ಆ ಪ್ಯಾಕೆಟ್ಟಿಗಷ್ಟೇ ಒಂದು ಮುಸುಕು ಹೊಲಿಯುತ್ತಾರೆ. ಸಂಖ್ಯೆ ಬೇರೆಯಾದರೆ ಮುಸುಕು ಬೇರೆ. ಒಂದು ಕೀಲಿಯಲ್ಲಿ ಒಂದು ಸಂಖ್ಯೆ ಎರಡು ಸಲ ಬರಲೇಕೂಡದು. ಆ ಏರ್ಪಾಟೆಲ್ಲ ನಿಂತಿರುವುದು ಇದೊಂದರ ಮೇಲೆ.

ಆ ಭಾಗದ ಹೊಸ ಆವೃತ್ತಿಯನ್ನು ಬರೆದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ರಾಯಚೂರು ಕಡೆಯವರು. ಹೈದರಾಬಾದಿನದೇ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸರ್ಕಿಟ್ ಬೋರ್ಡುಗಳನ್ನು ರೂಪಿಸಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಐವತ್ತರ ಹತ್ತಿರ ಸಾಫ್ಟ್‌ವೇರಿಗೆ ಬಂದವರು. ನಮ್ಮಪ್ಪನೂ ಧಾರವಾಡದಿಂದ ಬಂದು ಅಂಥದೇ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಹಾಗಾಗಿ ಅವರಿಗೂ ನನಗೂ ಮೊದಲ ದಿನವೇ ಮಾತು ಕೂಡಿತು. ಇಡೀ ಮಹಡಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಇಪ್ಪತ್ತೈದರ ಹುಡುಗರ ನಡುವೆ ಅವರು ಜೇಬಿನಲ್ಲಿ ಪೆನ್ಸಿಲ್ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಸಾಲು ಕೋಡ್ ಬರೆಯುವ ಮುಂಚೆ ಕಾಗದದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪ್ರೊಸೆಸರಿನೊಳಗಿನ ಗಡಿಯಾರದ ಬಡಿತದ ಚಿತ್ರ ಬಿಡಿಸುವವರು. ಅವರಿನ್ನೂ ಪ್ರೊಬೇಷನ್ನಿನಲ್ಲಿದ್ದರು. ಮುಂದಿನ ಸೋಮವಾರ ಅವರನ್ನು ಕಾಯಂ ಮಾಡುವ ಮೀಟಿಂಗು. ಹೊಸ ಪೆಟ್ಟಿಗೆಯಲ್ಲಿ ಒಂದರ ಬದಲು ಎರಡು ಪ್ರೊಸೆಸರುಗಳಿದ್ದವು. ಅದಕ್ಕೆ ತಕ್ಕ ವೇಗ ಬರುತ್ತಿಲ್ಲವೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಕಾಕಾ ಒಂದು ಸಣ್ಣ ಬದಲಾವಣೆ ಮಾಡಿ ವೇಗ ತಂದುಕೊಟ್ಟಿದ್ದರು. ಮೀಟಿಂಗಿನಲ್ಲಿ ಅವರ ಪರವಾಗಿ ಹೇಳುವುದಕ್ಕೆ ಇದ್ದದ್ದು ಅದೇ. ಆ ಆವೃತ್ತಿ ಆಗಲೇ ಪ್ರಾಯೋಗಿಕವಾಗಿ ಒಂದು ಕಡೆ ಓಡುತ್ತಿತ್ತು: ರಕ್ತ ಪರೀಕ್ಷೆಯ ಒಂದು ಕೇಂದ್ರ, ಕೋಠಿಯಲ್ಲಿ ಅವರ ಕೌಂಟರು, ಜೀಡಿಮೆಟ್ಲಾದಲ್ಲಿ ಪರೀಕ್ಷೆಯ ಯಂತ್ರಗಳು.

ಪೂರ್ತಿ ಓದುವ ಪಾಳಿ ಈ ಸಲ ನನ್ನದಾಯಿತು.

ಸೋಮವಾರ ಫೈಲನ್ನು ಕಾಗದಕ್ಕೆ ಮುದ್ರಿಸಿಕೊಂಡು ಕೂತೆ. ತಲುಪುವ ತುದಿಯಿಂದ ಶುರುಮಾಡಿ ಹೊರಡುವ ತುದಿಗೆ ಬರುವುದು ನನ್ನ ಕ್ರಮ. ಮೊದಲ ದಿನ ಸಿಕ್ಕಿದ್ದು ಚಿಲ್ಲರೆ ತಪ್ಪುಗಳು: ಅಳಿಸದೆ ಬಿಟ್ಟ ಹಳೆಯ ಟಿಪ್ಪಣಿ, ಎರಡು ಕಡೆ ಬರೆದ ಒಂದೇ ತಪಾಸಣೆ. ಮಾರನೆಯ ದಿನ ಟೆಸ್ಟಿಂಗ್ ವರದಿಗಳನ್ನು ತರಿಸಿದೆ. ಕೋಡ್ ಓದುವವರು ವರದಿ ನೋಡಬೇಕೆಂದು ನಿಯಮವೇನಿರಲಿಲ್ಲ, ನನಗೇ ಕಾಗದದಿಂದ ಕಣ್ಣು ತೆಗೆಯುವ ನೆಪ ಬೇಕಾಗಿತ್ತು. ಎಲ್ಲ ಟೆಸ್ಟಿನ ಮುಂದೆಯೂ ಪಾಸ್ ಎಂದು ಬರೆದಿತ್ತು. ಆದರೆ ಗಂಟೆಗಟ್ಟಲೆ ಓಡಿಸಿದ ಪ್ರತಿ ಟೆಸ್ಟಿನಲ್ಲೂ ಮೂರೋ ನಾಲ್ಕೋ ಪ್ಯಾಕೆಟ್ ಕಳೆದುಹೋಗಿದ್ದವು.

ಟೆಸ್ಟಿಂಗ್ ನೋಡುತ್ತಿದ್ದವಳು ವರಂಗಲ್ಲಿನವಳು, ನನ್ನ ಜೊತೆ ಊಟಕ್ಕೆ ಕೂರುವವಳು. ಕೇಳಿದರೆ ಅವಳು ಕೈ ಕೊಡವಿದಳು.

"ಲಿಮಿಟ್ ಲೋಪಲೇ ಉಂದಿ ಕದಾ," ಎಂದಳು. ಮಿತಿಯೊಳಗೇ ಇದೆಯಲ್ಲ, ಮತ್ತೇನು ರಗಳೆ ಎಂದರ್ಥ.

"ಎಲ್ಲಿ ಕಳೆದವು? ದಾರಿಯಲ್ಲೋ, ಪೆಟ್ಟಿಗೆಯೊಳಗೋ?"

ಅವಳು ತೆರೆ ಕೆಳಕ್ಕೆ ಸರಿಸಿ ಇನ್ನೊಂದು ಪಟ್ಟಿ ತೋರಿಸಿದಳು. ಅಷ್ಟೂ ಪ್ಯಾಕೆಟ್ಟುಗಳನ್ನು ತಲುಪುವ ತುದಿಯ ಕಾವಲು ಎಸೆದಿತ್ತು. ಕಾರಣ: ಈ ಸಂಖ್ಯೆ ಆಗಲೇ ಬಂದಿದೆ.

ಅವಳ ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು, ನಡುವೆ ಮೊಳದುದ್ದದ ನೀಲಿ ಕೇಬಲ್ಲು. ಹಳೆಯ ಪ್ಯಾಕೆಟ್ಟನ್ನು ಕದ್ದು ಮತ್ತೆ ಕಳಿಸಲು ಅಲ್ಲಿ ಯಾರಿದ್ದರು? ಯಾರೂ ಇರಲಿಲ್ಲ. ನಾನು ಆ ಕೇಬಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿದ್ದು ನೆನಪಿದೆ, ಅದರಲ್ಲಿ ಏನೋ ಸಿಗುತ್ತದೆ ಎನ್ನುವವಳ ಹಾಗೆ.

ಇಲ್ಲಿ ಒಂದು ಮುಜುಗರದ ಸಂಗತಿ. ಆ ಕಾವಲಿನ ಕೋಡ್ ಬರೆದವಳು ನಾನೇ, ಹಿಂದಿನ ವರ್ಷ. ಕಾವಲೇ ಒಳ್ಳೆಯ ಪ್ಯಾಕೆಟ್ಟನ್ನು ತಪ್ಪಾಗಿ ಎಸೆಯುತ್ತಿದೆ ಎಂದುಕೊಂಡೆ. ಮಂಗಳವಾರ ಪೂರ್ತಿ, ಬುಧವಾರ ಮಧ್ಯಾಹ್ನದವರೆಗೆ ನನ್ನ ಸಾಲುಗಳನ್ನೇ ಹಿಂಡಿದೆ. ಸಂಖ್ಯೆಗಳನ್ನು ಹಿಂದೆ ಮುಂದೆ ಮಾಡಿ, ಬಿಟ್ಟು, ಜಿಗಿಸಿ, ಒಂದೊಂದನ್ನೂ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾವಲು ಸರಿಯಾಗಿತ್ತು. ನನಗಾದದ್ದು ಸಂತೋಷ, ನಾಚಿಕೆಯಿಲ್ಲದ ಸಂತೋಷ. ಹಾಗಾದರೆ ತಪ್ಪು ಇನ್ನೆಲ್ಲೋ ಇದೆ ಎಂಬುದು ಆಮೇಲೆ ಹೊಳೆಯಿತು.

ಹೊರಡುವ ಪೆಟ್ಟಿಗೆಯಲ್ಲಿ ಪ್ರತಿ ಪ್ಯಾಕೆಟ್ಟನ್ನೂ ಬರೆದಿಟ್ಟುಕೊಳ್ಳುವಂತೆ ಮಾಡಿದೆ. ಟೆಸ್ಟ್ ಓಡಿಸಿದೆವು. ಒಂದೂ ಕಳೆಯಲಿಲ್ಲ. ಬರೆದಿಡುವುದನ್ನು ತೆಗೆದೆ, ಮತ್ತೆ ಮೂರು ಕಳೆದವು. ಸೇರಿಸಿದೆ, ಮಾಯ. ನೋಡುತ್ತಿದ್ದರೆ ಸಭ್ಯವಾಗಿರುವ, ತಿರುಗಿದ ಕೂಡಲೇ ನಾಲಿಗೆ ಚಾಚುವ ಮಗುವಿನ ಹಾಗೆ ಅದು ಆಡುತ್ತಿತ್ತು. ವರಂಗಲ್ಲಿನವಳು "ಬಿಟ್ಟುಬಿಡು ತಾಯಿ" ಎಂದು ಹಿಂದಿಯಲ್ಲಿ ಹೇಳಿ ಕೈ ಮುಗಿದಳು. ನನಗೆ ಸಿಟ್ಟು ಬಂದಿತ್ತು, ಅವಳ ಮೇಲಲ್ಲ, ಆ ಮೂರು ಪ್ಯಾಕೆಟ್ಟುಗಳ ಮೇಲೆ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ದಾರಿ ಹೊಳೆಯಿತು. ಬರೆದಿಡುವ ಕೆಲಸ ಹೊರಡುವ ಪೆಟ್ಟಿಗೆಯನ್ನು ನಿಧಾನ ಮಾಡುತ್ತದೆ, ನಿಧಾನವಾದರೆ ತಪ್ಪು ನಡೆಯುವುದಿಲ್ಲ. ಹಾಗಾದರೆ ಹೊರಡುವ ಪೆಟ್ಟಿಗೆಯನ್ನು ಮುಟ್ಟುವುದೇ ಬೇಡ. ತಲುಪುವ ಪೆಟ್ಟಿಗೆ ಕೊನೆಗೆ ಬಂದ ಕೆಲವು ಪ್ಯಾಕೆಟ್ಟುಗಳನ್ನು ನೆನಪಿನಲ್ಲಿಟ್ಟುಕೊಂಡಿರಲಿ. ಕಾವಲು ಯಾವುದನ್ನಾದರೂ ಎಸೆದಾಗ, ಎಸೆದದ್ದನ್ನೂ ಅದೇ ಸಂಖ್ಯೆಯಲ್ಲಿ ಮುಂಚೆ ಬಂದದ್ದನ್ನೂ ಪಕ್ಕಪಕ್ಕ ಎತ್ತಿಡಲಿ. ಊಟದ ಹೊತ್ತಿಗೆ ಮೊದಲ ಜೋಡಿ ಸಿಕ್ಕಿತು.

ಸಂಖ್ಯೆ ಒಂದೇ. ಒಳಗಿದ್ದದ್ದು ಬೇರೆ ಬೇರೆ.

ಅಂದರೆ ಯಾರೂ ಹಳೆಯದನ್ನು ಮತ್ತೆ ಕಳಿಸಿರಲಿಲ್ಲ. ನಮ್ಮ ಪೆಟ್ಟಿಗೆಯೇ ಎರಡು ಹೊಸ ಪ್ಯಾಕೆಟ್ಟುಗಳಿಗೆ ಒಂದೇ ಸಂಖ್ಯೆ ಕೊಟ್ಟಿತ್ತು. ಸಂಖ್ಯೆ ಒಂದಾದರೆ ಮುಸುಕೂ ಒಂದೇ. ಮುಸುಕು ಹಾಕುವುದೆಂದರೆ ಅಕ್ಷರದ ಅಂಕಿಗೆ ಮುಸುಕಿನ ಅಂಕಿ ಬೆರೆಸುವುದು, ಅಷ್ಟೇ. ಒಂದೇ ಮುಸುಕಿನ ಎರಡು ಪ್ಯಾಕೆಟ್ ಸಿಕ್ಕರೆ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಮುಸುಕು ಮುಸುಕಿಗೆ ಹೋಗಿ ಎರಡು ಮಾತುಗಳ ವ್ಯತ್ಯಾಸ ಉಳಿಯುತ್ತದೆ, ಒಂದು ಗೊತ್ತಿದ್ದರೆ ಇನ್ನೊಂದೂ ಸಿಕ್ಕಿತು. ಕೀಲಿ ಬೇಕೇ ಇಲ್ಲ. ಟೆಸ್ಟಿನಲ್ಲಿ ಎರಡು ಪ್ರವಾಹ ಓಡುತ್ತಿದ್ದವು: ಒಂದರ ತುಂಬ ಬರೀ ಸೊನ್ನೆ, ಇನ್ನೊಂದರಲ್ಲಿ ಕಾಕಾ ಮಾಡಿಕೊಟ್ಟ ಒಂದು ಫೈಲು. ಅದರಲ್ಲಿ ಏನಿದೆಯೆಂದು ನಾನು ಯಾವತ್ತೂ ನೋಡಿರಲಿಲ್ಲ. ಜೋಡಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದೆ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತವು: ಲಿಂಗಂಪಲ್ಲಿ, ವಿಕಾರಾಬಾದ್, ತಾಂಡೂರು, ಸೇಡಂ, ವಾಡಿ, ಯಾದಗಿರಿ, ರಾಯಚೂರು. ಮತ್ತೆ ಲಿಂಗಂಪಲ್ಲಿ.

ಕಾಕಾ ಊರಿಗೆ ಹೋಗುವ ರೈಲಿನ ದಾರಿ. ಯಾವ ಕೀಲಿಯೂ ಇಲ್ಲದೆ, ನಾನು ಬೇರೆಯವರ ಪತ್ರವನ್ನು ಓದಿದ ಹಾಗೆ ಓದಿಬಿಟ್ಟಿದ್ದೆ. ಅದನ್ನು ನೋಡಿ ನನಗೆ ನಿಜವಾಗಿಯೂ ಭಯವಾಯಿತು.

ಆಮೇಲೆ ತಪ್ಪಿನ ಜಾಗ ಹುಡುಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಹೊರಡುವ ತುದಿಯಲ್ಲಿ ಸಂಖ್ಯೆಗೆ ಒಂದು ಕೂಡಿಸುವ ಸಾಲು. ಮುಂಚೆ ಅದು ಬೀಗದ ಒಳಗಿತ್ತು. ಒಂದು ಪ್ರೊಸೆಸರ್ ಒಳಗಿರುವಾಗ ಇನ್ನೊಂದು ಹೊರಗೆ ಕಾಯಬೇಕು. ಈಗ ಅದು ಬೀಗದ ಹೊರಗೆ ಬಂದಿತ್ತು. ಕೂಡಿಸುವುದು ಬರೆಯಲು ಒಂದು ಸಾಲಾದರೂ ಪ್ರೊಸೆಸರಿಗೆ ಮೂರು ಹೆಜ್ಜೆ: ಹಳೆಯ ಸಂಖ್ಯೆ ಓದು, ಒಂದು ಕೂಡಿಸು, ತಿರುಗಿ ಬರೆ. ಡಾಕ್ಟರ ಶಾಪಿನಲ್ಲಿ ಇಬ್ಬರು ಕಾಂಪೌಂಡರುಗಳು ಒಂದೇ ಚೀಟಿಪುಸ್ತಕ ನೋಡಿ, ಕೊನೆಯದು ನಲವತ್ತೊಂದು ಎಂದು ಇಬ್ಬರೂ ಓದಿಕೊಂಡು, ಇಬ್ಬರು ರೋಗಿಗಳಿಗೂ ನಲವತ್ತೆರಡು ಬರೆದುಕೊಟ್ಟ ಹಾಗೆ. ಗಂಟೆಗೊಮ್ಮೆ ಎರಡು ಪ್ರೊಸೆಸರುಗಳು ಸರಿಯಾಗಿ ಆ ಕ್ಷಣದಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಕಾಕಾ ತಂದುಕೊಟ್ಟ ವೇಗ ಇಲ್ಲಿಂದಲೇ ಬಂದಿತ್ತು.

ಬದಲಾವಣೆಯ ಇತಿಹಾಸ ತೆಗೆದೆ. ಬರೆದವರು ಕಾಕಾ. ಒಪ್ಪಿದವರು ನಾನು.

ಆ ಪುಟವನ್ನು ಮತ್ತೆ ತೆರೆದು ನೋಡಿದೆ. ಒಂದು ಕೆಂಪು ಸಾಲು ಕೆಳಗೆ, ಅದೇ ಸಾಲು ಹಸಿರಾಗಿ ಹತ್ತಾರು ಸಾಲು ಮೇಲೆ. ಬೀಗ ಹಾಕುವ ಸಾಲು ಬದಲಾಗಿರಲಿಲ್ಲ, ಅದು ಎರಡರ ನಡುವೆ, ಆ ಮೂರು ಬಿಳಿ ಸಾಲುಗಳ ಆಚೆಗಿತ್ತು, ಹಾಗಾಗಿ ತೆರೆಯ ಮೇಲೆ ಕಾಣಿಸಿರಲಿಲ್ಲ. ಕಾಣಿಸದ್ದನ್ನು ನೋಡಬೇಕೆಂದರೆ ಫೈಲು ತೆರೆಯಬೇಕಾಗಿತ್ತು. ನಾನು ತೆರೆದಿರಲಿಲ್ಲ. ಕಲ್ಲು ಆರಿಸುವವಳು ಮೊರದ ಈ ಅಂಚಷ್ಟೇ ನೋಡಿ ಎದ್ದುಹೋಗಿದ್ದಳು.

ಶುಕ್ರವಾರ ಬೆಳಿಗ್ಗೆ ಕಾಕಾರನ್ನು ಸಣ್ಣ ಮೀಟಿಂಗ್ ಕೋಣೆಗೆ ಕರೆದೆ. ಮ್ಯಾನೇಜರಿಗೆ ಇನ್ನೂ ಹೇಳಿರಲಿಲ್ಲ. ಜೋಡಿ ಪ್ಯಾಕೆಟ್ಟುಗಳನ್ನು ತೋರಿಸಿದೆ, ರೈಲಿನ ದಾರಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಜೇಬಿನ ಪೆನ್ಸಿಲ್ ತೆಗೆದು ನನ್ನ ಮುದ್ರಿತ ಪ್ರತಿಯ ಹಿಂದೆ ಎರಡು ಗಡಿಯಾರದ ಮೆಟ್ಟಿಲು ಬಿಡಿಸಿದರು, ಒಂದರ ಕೆಳಗೊಂದು.

"ಇದು ಇಲ್ಲಿ ಓದ್ತೈತಿ. ಅದೂ ಇಲ್ಲೇ ಓದ್ತೈತಿ," ಎಂದು ಪೆನ್ಸಿಲ್ ಊರಿದರು. "ನಾ ಇದನ್ನ ಎಣಿಸೂ ಕೌಂಟರ್ ಚಿಪ್ಪು ಅಂತ ತಿಳಕೊಂಡಿದ್ದೆ ನೋಡವಾ. ಬೋರ್ಡಿನ್ಯಾಗ ಹಂಗ. ಒಂದು ಬಡಿತಕ್ಕ ತಾನ ಒಂದು ಏರತೈತಿ. ನಡುವ ಯಾರೂ ಕೈ ಹಾಕಾಕ ಬರೂದಿಲ್ಲ. ಇಪ್ಪತ್ತೆರಡು ವರ್ಷ ಹಂಗ ಕೆಲಸ ಮಾಡಿದ ಕೈ ಇದು."

"ನಾನೂ ನೋಡ್ಲಿಲ್ರಿ ಕಾಕಾ. ಒಪ್ಪಿದಾಕಿ ನಾನ."

ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಸೋಮವಾರ ನನ್ನ ಮೀಟಿಂಗ್ ಐತಿ, ಗೊತ್ತೈತಲ್ಲ?" ಎಂದರು.

"ಗೊತ್ತೈತ್ರಿ."

"ಮನ್ಯಾಗ ನಾ ಪರ್ಮನೆಂಟ್ ಅಂತನ ಹೇಳೀನಿ. ನಿಮ್ಮ ಕಾಕುಗ ಪ್ರೊಬೇಷನ್ ಅಂದ್ರ ಏನಂತ ಗೊತ್ತಿಲ್ಲ. ಫ್ಯಾಕ್ಟರಿ ಬಿಟ್ಟಾಗ ಭಾಳ ಅತ್ತಿದ್ಲು." ಅವರು ಪೆನ್ಸಿಲ್ ತಿರುಗಿಸುತ್ತ ಕೂತರು. "ಮಂಗಳವಾರ ಬರಿಯವಾ ಇದನ್ನ. ನಡುವ ಎರಡು ದಿನ ಸೂಟಿನ ಅದಾವು. ನಾ ತಪ್ಪಿಸ್ಕೊಳ್ಳಾಕತ್ತಿಲ್ಲ. ತಿದ್ದೂದನ್ನ ನಾನ ತಿದ್ದಿ ಕೊಡ್ತೀನಿ. ಈ ವಯಸ್ಸಿನ್ಯಾಗ ಇಲ್ಲಿಂದ ಹೊರಗ ಹಾಕಿದ್ರ ನನ್ನ ಯಾರು ತಗೋತಾರ?"

ನಾನು ಹೂಂ ಎಂದೆ. ಒತ್ತಾಯಕ್ಕಲ್ಲ, ಮನಸ್ಸಿನಿಂದಲೇ ಎಂದೆ. ಅಪ್ಪನ ವಯಸ್ಸಿನ ಮನುಷ್ಯ ಪೆನ್ಸಿಲ್ ಹಿಡಿದು ಹಾಗೆ ಕೇಳಿದರೆ ಬೇರೆ ಏನು ಹೇಳುವುದು? ನಾಲ್ಕು ದಿನದಲ್ಲಿ ಏನು ಮುಳುಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಅಮ್ಮನ ರಕ್ತದೊತ್ತಡದ ಮಾತ್ರೆ ತರಲು ಕೋಠಿಗೆ ಹೋದೆ. ಮನೆಯ ಪಕ್ಕದಲ್ಲೇ ಅಂಗಡಿಯಿದ್ದರೂ ಅಮ್ಮನಿಗೆ ಕೋಠಿಯ ಮಾತ್ರೆಯೇ ನಾಟುವುದು. ಬಟ್ಟೆಯ ಗಂಟು, ಪುಸ್ತಕದ ರಾಶಿ, ಆಟೋಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಆ ರಕ್ತ ಪರೀಕ್ಷೆಯ ಕೌಂಟರು ಕಣ್ಣಿಗೆ ಬಿತ್ತು. ಬೇಕೆಂದೇ ಆ ಬೀದಿ ಹಿಡಿದಿದ್ದೆನೋ ಏನೋ, ಈಗ ಹೇಳಲಾರೆ. ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ನಾನು ಯಾರೆಂದು ಯಾರೂ ಕೇಳಲಿಲ್ಲ. ಕೌಂಟರಿನ ಹಿಂದಿನ ಹಲಗೆಯ ಮೇಲೆ ನಮ್ಮ ಪೆಟ್ಟಿಗೆ ಎರಡು ಹಸಿರು ದೀಪ ಮಿನುಗಿಸುತ್ತ ಕೂತಿತ್ತು.

ಕೌಂಟರಿನ ಹೆಂಗಸು ಜೀಡಿಮೆಟ್ಲಾದಿಂದ ಬಂದ ರಿಪೋರ್ಟುಗಳನ್ನು ಮುದ್ರಿಸಿ, ಅಕ್ಷರ ಒಳಗಾಗುವಂತೆ ಮೂರು ಮಡಿಕೆ ಮಾಡಿ, ಲಕೋಟೆಗೆ ಹಾಕಿ ಎರಡೂ ತುದಿಗೆ ಪಿನ್ನು ಹೊಡೆಯುತ್ತಿದ್ದಳು. ಹೆಸರು ಕೂಗುತ್ತಿರಲಿಲ್ಲ. ಒಬ್ಬ ಚಿಕ್ಕ ಪ್ರಾಯದ ಹೆಂಗಸು ಕೌಂಟರಿಗೆ ಬಾಗಿ ಮೆಲ್ಲಗೆ, "ಮಾ ಅತ್ತಮ್ಮಕಿ ಇವ್ವಕಂಡಿ," ಎಂದಳು. ನಮ್ಮ ಅತ್ತೆ ಬಂದು ಕೇಳಿದರೆ ಕೊಡಬೇಡಿ ಎಂದು.

ಕೌಂಟರಿನವಳು ತಲೆಯೆತ್ತಿ, "ಎವ್ವರಿಕೀ ಇವ್ವಮಮ್ಮಾ," ಎಂದಳು. ಯಾರಿಗೂ ಕೊಡುವುದಿಲ್ಲಮ್ಮಾ. ಹೇಳಿ ಇನ್ನೊಂದು ಪಿನ್ನು ಹೊಡೆದು ಲಕೋಟೆಯನ್ನು ಅವಳ ಕೈಯಲ್ಲಿಟ್ಟಳು. ಆ ಹೆಂಗಸಿನ ಮುಖದಲ್ಲಿ ಬಂದ ನಿರಾಳವನ್ನು ನೋಡಿ ನನಗೆ ಅಲ್ಲಿ ಕೂರಲಾಗಲಿಲ್ಲ.

ಬೀದಿಗೆ ಬಂದು ಕಾಕಾಗೆ ಫೋನ್ ಮಾಡಿದೆ. "ಕಾಕಾ, ಮಂಗಳವಾರದ ತನಕ ನನ್ನಿಂದ ತಡಿಯಾಕ ಆಗಂಗಿಲ್ರಿ. ಆಫೀಸಿಗೆ ಹೊಂಟೀನಿ, ಈಗ ಬರೀತೀನಿ."

"ನಿನ್ನೆ ಹೂಂ ಅಂದಿದ್ದಿ," ಎಂದರು.

"ಅಂದಿದ್ದೆ ರಿ. ತಪ್ಪಾತು."

ಫೋನ್ ಇಟ್ಟುಬಿಟ್ಟರು.

ಕೋಠಿಯಿಂದ ಮಾದಾಪುರಕ್ಕೆ ಎರಡು ಬಸ್ಸು. ಇಡೀ ದಾರಿ ನಾನು ಅವರ ಮನೆಯಲ್ಲಿ ಈಗ ಏನಾಗುತ್ತಿರಬಹುದು ಎಂದು ಯೋಚಿಸುತ್ತ ಬಂದೆ. ಶನಿವಾರದ ಆಫೀಸು ಖಾಲಿ, ಎಸಿ ನಿಲ್ಲಿಸಿದ್ದರು, ಬಿಸಿಲು ಗಾಜಿನಿಂದ ಒಳಗೆ ಬಂದು ಮೇಜುಗಳ ಮೇಲೆ ಬಿದ್ದಿತ್ತು. ಬಗ್ ದಾಖಲಿಸುವ ಪುಟ ತೆರೆದೆ. ಅದರಲ್ಲಿ ತಪ್ಪು ಬರೆದವರ ಹೆಸರಿಗೆ ಒಂದು ಜಾಗವಿತ್ತು, ಒಪ್ಪಿದವರ ಹೆಸರಿಗೆ ಇರಲಿಲ್ಲ. ಪ್ರತಿ ವಾಕ್ಯವನ್ನೂ ಮೆತ್ತಗೆ ಮಾಡುತ್ತ ಹೋದೆ. ಅಪರೂಪದ ಸಂದರ್ಭದಲ್ಲಿ, ಕೆಲವು ಬಗೆಯ ಭಾರದಲ್ಲಿ, ಸಂಖ್ಯೆ ಪುನರಾವರ್ತನೆ ಆಗುವ ಸಾಧ್ಯತೆ ಇರಬಹುದು, ಎಂಬಂಥ ಇಂಗ್ಲಿಷು. ಮಾತು ಮೃದುವಾದರೆ ಏಟೂ ಮೃದುವಾದೀತು ಎಂಬ ಆಸೆ.

ಅಷ್ಟರಲ್ಲಿ ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಕಾಕಾ. ಮನೆಯಲ್ಲಿ ಹಾಕುವ ಅಂಗಿಯಲ್ಲೇ ಬಂದಿದ್ದರು, ಮುಖ ಗಂಟಿಕ್ಕಿತ್ತು. ನನ್ನ ಕಡೆ ನೋಡದೆ ಕುರ್ಚಿ ಎಳೆದುಕೊಂಡು, "ಸರೀ ಆಕಡೆ," ಎಂದರು. ತೆರೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ.

ಬೈದರು, ಆದರೆ ನಾನು ಎಣಿಸಿದ್ದಕ್ಕಲ್ಲ.

"ಇದೇನು ಬರದೀಯವಾ? ಅಪರೂಪ ಅಂತ. ಅಪರೂಪ ಎಲ್ಲೈತಿ? ಪ್ರತಿ ಉದ್ದನ ಟೆಸ್ಟಿನ್ಯಾಗೂ ಆಗೈತಿ. ಇರಬಹುದು ಅಂತ ಯಾಕ? ನೀ ಕಣ್ಣಾರೆ ಓದೀಯಲ್ಲ ರಾಯಚೂರು ಅಂತ?"

"ನಿಮ್ಮ ಸಲುವಾಗಿ ಕಾಕಾ..."

"ನನ್ನ ಸಲುವಾಗಿ ಬ್ಯಾಡ. ಇದನ್ನ ಓದಿದವ ಕೀಲಿ ಬದಲಿಸ್ತಾನೇನು? ಮುಂದಿನ ವಾರ ನೋಡೂಣು ಅಂತಾನ. ಬರಿಯೂದಿದ್ರ ನೆಟ್ಟಗ ಬರಿ, ಇಲ್ಲಾಂದ್ರ ಮಂಗಳವಾರನ ಬರಿ."

ಇಬ್ಬರೂ ಕೂತು ಮೊದಲಿಂದ ಬರೆದೆವು. ಎರಡು ಪ್ಯಾಕೆಟ್ಟಿಗೆ ಒಂದೇ ಸಂಖ್ಯೆ ಬರುತ್ತದೆ. ಬಂದಾಗ ಕೀಲಿಯಿಲ್ಲದೆ ಒಳಗಿನದ್ದನ್ನು ಓದಬಹುದು. ಪ್ರಯೋಗಕ್ಕೆ ಕೊಟ್ಟಿರುವ ಗ್ರಾಹಕರಿಗೆ ಇವತ್ತೇ ತಿಳಿಸಬೇಕು, ಕೀಲಿ ಬದಲಿಸಬೇಕು. ಅವರ ವಾಕ್ಯಗಳು ಗಿಡ್ಡ ಗಿಡ್ಡ, ಕಾರ್ಖಾನೆಯ ದೋಷಪತ್ರದ ಹಾಗೆ. ಕೊನೆಯಲ್ಲಿ ನಾನು ಒಂದು ಸಾಲು ಸೇರಿಸಿದೆ: ಈ ಬದಲಾವಣೆಯನ್ನು ಪೂರ್ತಿ ಫೈಲು ತೆರೆಯದೆ ಒಪ್ಪಿದವಳು ನಾನು.

"ಫಾರ್ಮಿನ್ಯಾಗ ಅದನ್ನ ಕೇಳಿಲ್ಲಲ್ಲ," ಎಂದರು ಕಾಕಾ.

"ಕೇಳಬೇಕಿತ್ತ್ರಿ," ಎಂದೆ.

ಅವರು ಅಳಿಸಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆವು. ಕೋಠಿಯ ಪೆಟ್ಟಿಗೆಯನ್ನು ಅವತ್ತು ಸಂಜೆಯೇ ಹಳೆಯ ಆವೃತ್ತಿಗೆ ಇಳಿಸಿ ಹೊಸ ಕೀಲಿ ಹಾಕಿದರು. ಭಾನುವಾರ ಕಾಕಾ ಆ ಸಾಲನ್ನು ತಿದ್ದಿದರು. ಓದು, ಕೂಡಿಸು, ಬರೆ ಮೂರನ್ನೂ ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಮಾಡುವ ಸೂಚನೆ ಪ್ರೊಸೆಸರಿನಲ್ಲೇ ಇತ್ತು. ವರಂಗಲ್ಲಿನವಳು ಗೊಣಗುತ್ತಲೇ ಬಂದು ಇಡೀ ಹಗಲು ಟೆಸ್ಟ್ ಓಡಿಸಿದಳು. ಕಾವಲು ಒಂದನ್ನೂ ಎಸೆಯಲಿಲ್ಲ. ವೇಗ ಮಾತ್ರ ಸ್ವಲ್ಪ ಇಳಿಯಿತು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿಕೊಂಡರು. ಅವರು ಒಳ್ಳೆಯ ಮನುಷ್ಯ, ಸದ್ದಿಗೆ ಹೆದರುವವರು. ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿ ರಕ್ತ ಪರೀಕ್ಷೆಯ ಕೇಂದ್ರದ ಮುಖ್ಯ ವೈದ್ಯೆ ಇದ್ದರು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಒಂದೇ: ಯಾವತ್ತಿನಿಂದ? ಯಾವ ದಿನದಿಂದ ಬಂದ ರೋಗಿಗಳಿಗೆ ನಾನು ಈ ಸುದ್ದಿ ಹೇಳಬೇಕು?

"ತನಿಖೆ ನಡೀತಾ ಇದೆ ಮೇಡಂ," ಎಂದರು ಮ್ಯಾನೇಜರ್ ಇಂಗ್ಲಿಷಿನಲ್ಲಿ. "ಮುಗಿದ ಮೇಲೆ ತಿಳಿಸುತ್ತೇವೆ."

ಯಾರಾದರೂ ಕದ್ದು ನೋಡಿದ್ದರೋ ಇಲ್ಲವೋ ನಮಗಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ದಿನ ಗೊತ್ತಿತ್ತು. ಅದನ್ನು ಹೇಳಿದರೆ ಯಾರ ಬದಲಾವಣೆಯ ದಿನ ಅದು ಎಂಬುದೂ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾರ ಮೀಟಿಂಗಿಗೆ ಇನ್ನು ಹತ್ತು ನಿಮಿಷವಿತ್ತು. ಅವರು ಮುಂದಕ್ಕೆ ಬಾಗಿ ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಮೇಡಂ, ವೋ ಲೈನ್ ಮೈಂಚ್ ಲಿಖಾ," ಎಂದರು. ಆ ಸಾಲು ಬರೆದವನು ನಾನೇ. ನಿಮ್ಮ ಪೆಟ್ಟಿಗೆಗೆ ಅದು ಬಂದ ದಿನ ಇದು, ತೆಗೆದದ್ದು ಶನಿವಾರ ಸಂಜೆ, ನಡುವೆ ಹನ್ನೊಂದು ದಿನ, ಎಂದು ಅದೇ ಹೈದರಾಬಾದಿ ಹಿಂದಿಯಲ್ಲಿ ಗಂಟೆಯ ಸಮೇತ ಹೇಳಿದರು.

ಕಾಗದದ ಮೇಲೆ ಪೆನ್ನು ಓಡಿದ ಸದ್ದು ಕೇಳಿಸಿತು. "ಶುಕ್ರಿಯಾ," ಎಂದರು ಆಕೆ. "ಹನ್ನೊಂದು ದಿನವೆಂದರೆ ಎಲ್ಲರನ್ನೂ ನಾನೇ ಕರೆದು ಹೇಳಬಹುದು."

ಫೋನ್ ಇಟ್ಟ ಮೇಲೆ ಮ್ಯಾನೇಜರ್ ಹಣೆ ಒತ್ತಿಕೊಂಡು, "ನೀವು ಹೇಳಬೇಕಾಗಿರಲಿಲ್ಲ," ಎಂದರು.

"ಅವರು ದಿನ ಕೇಳಿದರು ಸರ್," ಎಂದು ಕಾಕಾ ಎದ್ದು, ಅಂಗಿ ಸರಿಮಾಡಿಕೊಂಡು ಪಕ್ಕದ ಕೋಣೆಗೆ ಹೋದರು.

ಕಾಲು ಗಂಟೆ. ಗಾಜಿನ ಗೋಡೆಯಾಚೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು. "ಇನ್ನ ಆರು ತಿಂಗಳು ಪ್ರೊಬೇಷನ್. ಆಮ್ಯಾಲ ನೋಡ್ತಾರಂತ," ಎಂದರು.

ನನಗೆ ಅಳು ಬಂದುಬಿಟ್ಟಿತು, ಎಲ್ಲರೆದುರಿಗೆ. ಅವರು ಗಾಬರಿಯಾಗಿ ಆಚೆ ಈಚೆ ನೋಡಿದರು.

"ಏ ಹುಚ್ಚಿ, ಹೊರಗ ಹಾಕಿಲ್ಲ ಬಿಡು. ನಿಮ್ಮ ಕಾಕುಗ ಇವತ್ತ ಖರೇ ಹೇಳತೀನಿ, ಬೈಸ್ಕೊಂತೀನಿ."

ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಒಂದು ವಾರದಿಂದ ನನ್ನ ಮೇಜಿನ ಮೇಲೆ ಬಿದ್ದಿದ್ದ ಮುದ್ರಿತ ಪ್ರತಿಯನ್ನು ಹತ್ತಿರ ಎಳೆದುಕೊಂಡು ಹಾಳೆ ತಿರುವಿದರು. ಕಾವಲಿನ ಭಾಗದ ಮೇಲೆಲ್ಲ ನನ್ನ ಗುರುತುಗಳು. ಹೊರಡುವ ತುದಿಯಲ್ಲಿ ಒಂದೇ ಒಂದು ಸಾಲಿನ ಸುತ್ತ ಕೆಂಪು ವೃತ್ತ. ಅದರ ಮುಂದಿನ ಹಾಳೆಗಳ ಅಂಚು ಒಂದು ಗುರುತೂ ಇಲ್ಲದೆ ಬೆಳ್ಳಗಿತ್ತು.

"ಒಂದು ಸಾಲು ಸಿಕ್ತು ಅಂತ ಓದೂದು ಬಿಟ್ಟಿಯಲ್ಲ," ಎಂದರು ಕಾಕಾ, ಪೆನ್ಸಿಲ್ ತೆಗೆಯುತ್ತ. "ಉಳಿದದ್ದನ್ನ ಯಾರು ಓದ್ಯಾರ?"